ಲೈಸೆನ್ಸ್ ಫೈಲ್‌ನ ವರ್ಷವನ್ನು ಪ್ರತಿ ಜನವರಿಗೆ ಬದಲಾಯಿಸಬೇಕಾ?

ಹಾಸನದ ಗೆಳೆಯರು ಸೇರಿ ಕಾಫಿ ತೋಟದ ಬಟವಾಡೆ ಲೆಕ್ಕಕ್ಕೆ ಮಾಡಿದ ಓಪನ್ ಸೋರ್ಸ್ ಆ್ಯಪ್‌ನ ಎಂಐಟಿ ಲೈಸೆನ್ಸ್‌ನಲ್ಲಿ (ಕೋಡನ್ನು ಯಾರು ಬೇಕಾದರೂ ಬಳಸಬಹುದು ಎಂಬ ಅನುಮತಿ ಪತ್ರ) ಕಾಪಿರೈಟ್ ವರ್ಷ ಇನ್ನೂ 2019 ಅಂತಲೇ ಇದೆ, ತೊಂದರೆ ಆಗುತ್ತಾ ಅಂತ ಕೇಳಿದ್ದೀರಿ.

ಏನೂ ಆಗುವುದಿಲ್ಲ. ಕೋಡ್ ಬರೆದಾಗಲೇ ಅದರ ಹಕ್ಕು ನಿಮ್ಮದಾಗುತ್ತದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಫೈಲ್‌ನಲ್ಲಿರುವ ವರ್ಷ, ಕೋಡ್ ಮೊದಲು ಹೊರಬಂದದ್ದು ಯಾವಾಗ ಅಂತ ತಿಳಿಸುತ್ತದೆ ಅಷ್ಟೇ. ಅದನ್ನು ಅಳಿಸಿ ಈ ವರ್ಷ ಹಾಕಿದರೆ ಆ ಮಾಹಿತಿಯೇ ಹೋಯಿತಲ್ವಾ? ಬೇಕೇ ಬೇಕು ಅನ್ನಿಸಿದರೆ ‘2019–2025’ ಅಂತ ಬರೆಯಿರಿ, ಅದೂ 2025ರಲ್ಲಿ ಕೋಡ್ ನಿಜವಾಗಿ ಬದಲಾಗಿದ್ದರೆ ಮಾತ್ರ. ವರ್ಷ ಬದಲಾಯಿಸಲೆಂದೇ ಸ್ಕ್ರಿಪ್ಟ್ ಓಡಿಸುವುದು ನನ್ನ ಪ್ರಕಾರ ಸುಮ್ನೆ ಕೆಲಸ.

ಜಾಸ್ತಿ ಎಡವಟ್ಟಾಗುವುದು ಬೇರೆ ಕಡೆ. ಲೈಸೆನ್ಸ್ ಫೈಲ್‌ನಲ್ಲಿ ಎಂಐಟಿ ಇರುತ್ತದೆ, ಆ್ಯಪ್‌ನ ವಿವರ ಇರುವ ಪ್ಯಾಕೇಜ್ ಡಾಟ್ ಜೇಸನ್ ಫೈಲ್‌ನಲ್ಲಿ ಐಎಸ್‌ಸಿ ಎಂಬ ಬೇರೆ ಲೈಸೆನ್ಸ್! ಆ ವಿವರದ ಫೈಲ್ ಮಾಡಿಕೊಡುವ ಎನ್‌ಪಿಎಂ ಇನಿಟ್ ಕಮಾಂಡ್ ಕೊಟ್ಟು ಎಂಟರ್ ಒತ್ತುತ್ತಾ ಹೋದರೆ ಹೀಗಾಗುತ್ತದೆ. ಎರಡನ್ನೂ ಒಮ್ಮೆ ತೆರೆದು ನೋಡಿ.

ಬೇರೆಯವರ ಎಂಐಟಿ ಕೋಡ್ ತಂದು ಸೇರಿಸಿದ್ದರೆ ಅವರ ಕಾಪಿರೈಟ್ ಸಾಲನ್ನು ಮುಟ್ಟಬೇಡಿ. ಆ ಲೈಸೆನ್ಸ್ ಕೇಳುವ ಷರತ್ತು ಅದೊಂದೇ: ಕಾಪಿರೈಟ್ ಸಾಲು, ಅನುಮತಿಯ ಪಠ್ಯ ಎರಡೂ ಜೊತೆಗಿರಬೇಕು. ತಂಡ ಬಿಟ್ಟು ಬೆಂಗಳೂರಿಗೆ ಹೋದ ಗೆಳೆಯನ ಹೆಸರನ್ನೂ ತೆಗೆಯಬೇಡಿ, ಅವನು ಬರೆದ ಕೋಡ್ ಇನ್ನೂ ಅಲ್ಲೇ ಇದೆ.

ಜಿಪಿಎಲ್ ಎಂಬ ಇನ್ನೊಂದು ಓಪನ್ ಸೋರ್ಸ್ ಲೈಸೆನ್ಸ್‌ನ ಹಳೆಯ ಪ್ರತಿ ಇದ್ದರೆ ಮಾತ್ರ ಅದೇ ಆವೃತ್ತಿಯ ಹೊಸ ಪ್ರತಿ ತಂದು ಹಾಕಿ. ಹಳೆಯದರಲ್ಲಿ ವಿಳಾಸವಿರುವ, ಜಿಪಿಎಲ್ ಹೊರತಂದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಬಾಸ್ಟನ್ ಫ್ರಾಂಕ್ಲಿನ್ ಸ್ಟ್ರೀಟ್ ಕಚೇರಿ 2024ರಲ್ಲೇ ಮುಚ್ಚಿದೆ.