ಓದುಗರ ಪ್ರಶ್ನೆ: ಎಂಆರ್‌ಐ ಕೋಣೆಗೆ ತಾಳಿ ಯಾಕೆ ಬೇಡ?

ಪ್ರಶ್ನೆ: ಅಮ್ಮನಿಗೆ ಸೊಂಟದ ಎಂಆರ್‌ಐಗೆ ಬರೆದುಕೊಟ್ಟಿದ್ದಾರೆ. ತಾಳಿ, ಕಾಲುಂಗುರ ಬಿಚ್ಚಬೇಕಂತೆ. ಚಿನ್ನ, ಬೆಳ್ಳಿಯನ್ನು ಅಯಸ್ಕಾಂತ ಎಳೆಯೋದಿಲ್ಲವಲ್ಲ? (ಮದ್ದೂರು)

ಉತ್ತರ: ಎಳೆಯುವುದಿಲ್ಲ, ನಿಜ. ಆದರೆ ಸರದ ಕೊಂಡಿಯೊಳಗಿನ ಸ್ಪ್ರಿಂಗು ಉಕ್ಕಿನದಿರಬಹುದು. ಅದಕ್ಕಿಂತ ಮುಖ್ಯವಾದದ್ದು ಬಿಸಿ. 1.5 ಟೆಸ್ಲಾ (ಟೆಸ್ಲಾ ಎಂದರೆ ಕಾಂತಬಲದ ಅಳತೆ) ಯಂತ್ರ ಸುಮಾರು 64 ಮೆಗಾಹರ್ಟ್ಸ್‌ನ ರೇಡಿಯೊ ಅಲೆಯನ್ನು ಮೈಗೆ ಬಿಡುತ್ತದೆ. ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ಪ್ರೋಟಾನುಗಳು ಅದಕ್ಕೆ ಓಗೊಟ್ಟು ಮರಳಿಸುವ ಸಂಕೇತದಿಂದಲೇ ಚಿತ್ರ ಮೂಡುವುದು. ಅದೇ ಅಲೆ ಮೈಗಂಟಿದ ಲೋಹದ ಬಳೆ, ಸರಗಳಲ್ಲಿ ವಿದ್ಯುತ್ ಹರಿಸಿ ಚರ್ಮ ಸುಡಬಲ್ಲದು. ಕೈ ಕೈ ಹೆಣೆದು ಮಲಗಬಾರದೆನ್ನುವುದೂ ಇದಕ್ಕೇ: ಮೈಯೇ ಒಂದು ಸುರುಳಿಯಾಗುತ್ತದೆ. ತಾಳಿ ತೆಗೆಯಲು ಅಮ್ಮನಿಗೆ ಮನಸ್ಸೊಪ್ಪದಿದ್ದರೆ ಅಷ್ಟು ಹೊತ್ತು ಅರಿಶಿನದ ಕೊಂಬು ಕಟ್ಟಿದ ದಾರ ಇರಲಿ, ಯಂತ್ರದ ತಕರಾರಿಲ್ಲ.

ಚಿನ್ನವನ್ನಂತೂ ಎಲ್ಲರೂ ನೆನಪಿಟ್ಟು ತೆಗೆಯುತ್ತಾರೆ. ಮರೆಯುವುದು ಸೆರಗಿನ ಪಿನ್ನು, ತುರುಬಿನ ಹೇರ್‌ಪಿನ್ನು, ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ, ಶನಿದೋಷಕ್ಕೆಂದು ತೊಟ್ಟ ಕಬ್ಬಿಣದ ಉಂಗುರ. ಮೈಸೂರು ಸೀಮೆಯಲ್ಲಿ ಭೂಮಿಯ ಕಾಂತಬಲ ಎಷ್ಟಿದೆಯೋ ಅದರ ಸುಮಾರು 37 ಸಾವಿರ ಪಟ್ಟು ಆ ಯಂತ್ರದ ಸುರಂಗದೊಳಗಿದೆ. ಪಿನ್ನು ಬಾಣವಾಗುತ್ತದೆ.

ಪ್ರಶ್ನೆ: ಸ್ಕ್ಯಾನ್ ಮಧ್ಯೆ ಕರೆಂಟ್ ಹೋದರೆ ಅಯಸ್ಕಾಂತವೂ ಆಫ್ ಆಗುತ್ತಾ? (ಕೆ.ಆರ್. ಪೇಟೆ)

ಉತ್ತರ: ಇಲ್ಲ. ಸ್ಕ್ಯಾನ್ ನಿಲ್ಲುತ್ತದೆ, ಕಾಂತಕ್ಷೇತ್ರ ನಿಲ್ಲುವುದಿಲ್ಲ. ಅಯಸ್ಕಾಂತವಾಗಿರುವ ನಿಯೋಬಿಯಂ-ಟೈಟಾನಿಯಂ ತಂತಿಯ ಸುರುಳಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಿಂದ ತಣ್ಣಗಿರುತ್ತದೆ. ಆ ಚಳಿಯಲ್ಲಿ ತಂತಿಗೆ ರೋಧವೇ ಇಲ್ಲ. ಒಮ್ಮೆ ತುಂಬಿದ ವಿದ್ಯುತ್ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕರೆಂಟ್ ಬೇಕಾಗಿರುವುದು ಹೀಲಿಯಂ ಆವಿಯಾಗದಂತೆ ತಂಪು ಕಾಯುವ ಕಂಪ್ರೆಸರ್‌ಗೆ. ಅದು ಬಹಳ ಹೊತ್ತು ನಿಂತರೆ ಹೀಲಿಯಂ ನಿಧಾನವಾಗಿ ಕುದಿಯತೊಡಗುತ್ತದೆ, ಹಾಗಾಗಿ ಜನರೇಟರ್ ಸಂಪರ್ಕ ಅದಕ್ಕೂ ಇರಲೇಬೇಕು.

‘ಯಂತ್ರ ನಿಂತಿದೆ’ ಎಂದುಕೊಂಡು ಉಕ್ಕಿನ ಆಕ್ಸಿಜನ್ ಸಿಲಿಂಡರ್ ಒಳಗೆ ತಂದವರಿಂದಲೇ ಅನಾಹುತಗಳಾಗಿವೆ. ಒಳಗೆ ಅಲ್ಯೂಮಿನಿಯಂ ಸಿಲಿಂಡರ್ ಮಾತ್ರ. ಯಾರಾದರೂ ಯಂತ್ರಕ್ಕೂ ಲೋಹಕ್ಕೂ ನಡುವೆ ಸಿಕ್ಕಿಕೊಂಡರೆ ಒತ್ತಲು ಗೋಡೆಯಲ್ಲಿ ಕ್ವೆಂಚ್ ಗುಂಡಿ, ಅಂದರೆ ಕಾಂತಕ್ಷೇತ್ರವನ್ನೇ ಆರಿಸುವ ಗುಂಡಿ, ಇರುತ್ತದೆ. ಒತ್ತಿದಾಗ ಸುರುಳಿ ಬಿಸಿಯೇರಿ, ದ್ರವ ಹೀಲಿಯಂ ಸುಮಾರು 700 ಪಟ್ಟು ಹಿಗ್ಗಿದ ಅನಿಲವಾಗಿ ಕೊಳವೆಯ ಮೂಲಕ ಹೊರಗೆ ಧಾವಿಸುತ್ತದೆ. ಆ ಕೊಳವೆಯ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದ್ದರೆ ಅನಿಲ ಕೋಣೆಗೇ ನುಗ್ಗಿ ಉಸಿರಾಡುವ ಆಮ್ಲಜನಕವನ್ನು ತಳ್ಳಿಬಿಡುತ್ತದೆ. ಕೊಳವೆಯ ಬಾಯಿಗೆ ಜಾಲರಿ ಬೇಕು, ತಪಾಸಣೆಯೂ ತಪ್ಪಬಾರದು.

ಪ್ರಶ್ನೆ: ನಮ್ಮವರು ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸದವರು. ತಲೆಯ ಎಂಆರ್‌ಐಗೆ ಹೋದರೆ ಮೊದಲು ಕಣ್ಣಿನ ಎಕ್ಸ್‌ರೇ ತನ್ನಿ ಎಂದರು. ದುಡ್ಡು ಕೀಳುವ ದಾರಿಯೇ? (ಮೈಸೂರು)

ಉತ್ತರ: ಅಲ್ಲ. ಉಜ್ಜುವಾಗ ಸಿಡಿದ ಉಕ್ಕಿನ ಚೂರು ಕಣ್ಣುಗುಡ್ಡೆಯೊಳಗೆ ಸದ್ದಿಲ್ಲದೆ ಉಳಿದಿರಬಹುದು. ಕಾಂತ ಅದನ್ನು ತಿರುಚಿದರೆ ಒಳಗೆ ರಕ್ತಸ್ರಾವವಾಗಿ ದೃಷ್ಟಿಯೇ ಹೋದೀತು. ಹಿಂದೆ ಯಾವತ್ತಾದರೂ ಕಣ್ಣಿಗೆ ಚೂರು ಬಿದ್ದು ತೆಗೆಸಿದ್ದರೆ, ಅದು ಹತ್ತು ವರ್ಷದ ಹಿಂದಿನದಾದರೂ ಸರಿ, ಅರ್ಜಿಯಲ್ಲಿ ಬರೆಸಿ.