ಫ್ಯಾನಿನವರು

ಪ್ರಶ್ನೆ: ಮೇಷ್ಟ್ರೇ, ನಮ್ಮದು ಸಿಂಧನೂರು ಕಡೆಯ ಹಳ್ಳಿ, ಮೂವತ್ತು ಮನೆಯ ಸುವಾರ್ತಾ ಸಭೆ. ಸರ್ಕಾರ ಬದಲಾದಾಗಿನಿಂದ ಸಭೆಯಲ್ಲಿ ಎರಡು ಗುಂಪು. ‘ಮೊಣಕಾಲೂರಿ ಪ್ರಾರ್ಥನೆ ಮಾಡಿ, ರಾಜಕೀಯದ ಸುದ್ದಿ ಬೇಡ’ ಅಂತಾರೆ ಹಿರಿಯರು. ‘ಗೆದ್ದವರಿಗೆ ಹಾರ ಹಾಕಿದರೆ ಸ್ಮಶಾನಕ್ಕೆ ಜಾಗ ಆಗುತ್ತೆ’ ಅಂತಾರೆ ಹುಡುಗರು. ಈಜಿಪ್ಟಿನ ಗಲಾಟೆಯಲ್ಲಿ ಒಂದು ಚರ್ಚು ಆಸ್ಪತ್ರೆಯೇ ಆಗಿತ್ತಂತೆ, ಹೌದಾ?

ಉತ್ತರ: ಹೌದು ತಮ್ಮಾ. ಕೈರೋದ ತಹ್ರೀರ್ ಚೌಕದ ಮಗ್ಗುಲಲ್ಲೇ ಕಸ್ರ್ ಅಲ್ ದೊಬಾರ ಎಂಬ ದೊಡ್ಡ ಇವಾಂಜೆಲಿಕಲ್, ಅಂದರೆ ನಮ್ಮ ಹಾಗೆ ಸುವಾರ್ತಾ ಸಭೆಯ, ಚರ್ಚಿದೆ. 2011ರ ಫೆಬ್ರವರಿಯಲ್ಲಿ ಜನ ಬೀದಿಗಿಳಿದ ಮೇಲೆ ಅಧ್ಯಕ್ಷ ಮುಬಾರಕ್ ಇಳಿದರು. ನವೆಂಬರಿನಲ್ಲಿ ಬೀದಿಯಲ್ಲಿ ಮತ್ತೆ ಗಲಾಟೆ ಹತ್ತಿಕೊಂಡಾಗ ಆ ಚರ್ಚು ಗೇಟು ತೆರೆಯಿತು. ಅಶ್ರುವಾಯು ಕುಡಿದು ಬಂದವರು, ಗಾಯಗೊಂಡವರು, ಮುಸ್ಲಿಮರು, ಕ್ರೈಸ್ತರು, ಎಲ್ಲರಿಗೂ ಅಲ್ಲೇ ಪಟ್ಟಿ ಕಟ್ಟಿದರು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 2013ರ ಜುಲೈನಲ್ಲಿ ಸೈನ್ಯ ಆಗಿನ ಅಧ್ಯಕ್ಷ ಮೊರ್ಸಿಯನ್ನು ಇಳಿಸಿತು, ಆಗಸ್ಟಿನಲ್ಲಿ ಎಷ್ಟೋ ಚರ್ಚುಗಳಿಗೆ ಬೆಂಕಿ ಬಿತ್ತು. ಹೊಸ ಸಂವಿಧಾನ ಬರೆಯುವ 50 ಜನರ ಸಮಿತಿಯಲ್ಲಿ ಇವಾಂಜೆಲಿಕಲರಿಗೂ ಒಂದು ಕುರ್ಚಿ ಸಿಕ್ಕಿತು, 2016ರಲ್ಲಿ ಚರ್ಚು ಕಟ್ಟಲು ಕಾನೂನೂ ಬಂತು. ಸಣ್ಣ ಲಾಭವಲ್ಲ. ಆದರೆ ಹೀಗೆ ನಮ್ಮನ್ನು ಕಾಯುವ ಸರ್ಕಾರದವರ ಋಣ ತಲೆ ಮೇಲಿದ್ದರೆ ಅವರ ತಪ್ಪು ಹೇಳಲು ಬಾಯಿ ಬರುವುದಿಲ್ಲ. ನನಗೆ ಅಂಜಿಕೆ ಅದೇ.

ಹಾರದ ಮಾತಿಗೆ ಬರ್ತೀನಿ. ಬಳ್ಳಾರಿಯ ನಮ್ಮ ಸಭೆಗೆ ಹಿಂದೊಮ್ಮೆ ಒಬ್ಬ ಅಭ್ಯರ್ಥಿ ನಾಲ್ಕು ಫ್ಯಾನು ಕೊಟ್ಟರು. ಮೂರೂ ರೆಕ್ಕೆ ಮೇಲೆ ಕೆಂಪು ಪೇಂಟಿನಲ್ಲಿ ಅವರ ಹೆಸರು. ತಿರುಗುವಾಗ ಕಾಣದು. ಕರೆಂಟು ಹೋಯಿತೋ, ಅಯ್ಯನವರ ಪ್ರಸಂಗ ಒಂದು ಕಡೆ, ನಾವೆಲ್ಲ ತಲೆಯೆತ್ತಿ ಹೆಸರು ಓದುವುದು ಇನ್ನೊಂದು ಕಡೆ. (ನಮ್ಮೂರ ಬೇಸಿಗೆಯಲ್ಲಿ ಕರೆಂಟು ಹೋಗದ ಭಾನುವಾರ ಯಾವುದಿತ್ತು ಹೇಳಿ!) ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಕಾಂಪೌಂಡ್ ಗೋಡೆಯ ಅರ್ಜಿ ಹಿಡಿದು ಗೆದ್ದವರ ಮನೆಗೆ ಹೋದೆವು. ‘ನೀವು ಫ್ಯಾನಿನವರಲ್ವಾ?’ ಅಂದರು. ಚಹಾ ಕೊಟ್ಟರು, ಅಷ್ಟೇ.

ಹಾಗಂತ ಹಿರಿಯರ ಮಾತೂ ನನಗೆ ಒಪ್ಪಿಗೆಯಿಲ್ಲ. ಅಧಿಕಾರಿಗಳಿಗೆ ಅಧೀನರಾಗಿರಿ ಎಂಬ, ಬೈಬಲಿನ ರೋಮಾಪುರದ ಪತ್ರದ 13ನೇ ಅಧ್ಯಾಯ ಅವರಿಗೆ ಬಾಯಿಪಾಠ. ಪ್ರವಾದಿ ಯೆರೆಮೀಯನ ಗ್ರಂಥದ 29ನೇ ಅಧ್ಯಾಯವನ್ನೂ ಒಮ್ಮೆ ಓದಿಸಿ. ಅರಸನನ್ನು ಕಳೆದುಕೊಂಡು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು: ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳಿತಿಗೆ ದುಡಿಯಿರಿ ಅಂತ. ಆ ಊರೋ, ಸೆರೆ ಹಿಡಿದವರದ್ದೇ.

ಈಗ ಜಾಗದ ವಿಷಯ. ಹೆಣ ಹೂಳಲು ಜಾಗವಿಲ್ಲದವರು ನಿಮ್ಮೂರಲ್ಲಿ ನೀವಷ್ಟೇ ಇರಲಾರರು, ಉಳಿದ ಕೇರಿಗಳಲ್ಲೂ ವಿಚಾರಿಸಿ, ಅವರನ್ನೂ ಕರೆದುಕೊಂಡೇ ಗ್ರಾಮಸಭೆಗೆ ಹೋಗಿ. ಊರ ಸರ್ಕಾರಿ ಜಮೀನಿನ ಸರ್ವೆ ನಂಬರು ಮೊದಲೇ ಕೇಳಿ ಬರೆದುಕೊಂಡಿರಿ. ಬೇಡಿಕೆ ನಡಾವಳಿಯಲ್ಲಿ ಬರೆಯುವವರೆಗೆ ಏಳಬೇಡಿ. ತಹಶೀಲ್ದಾರರಿಗೆ ಕೊಡುವ ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಹಾರಕ್ಕೆ ಎತ್ತಿದ ದುಡ್ಡಿದ್ದರೆ ಜೆರಾಕ್ಸಿಗಾಗುತ್ತೆ.