ಮೇಸ್ತ್ರಿಯ ರೇಟ್ ಕೇಳುವ ಮೊದಲು ಗೋಡೆ ನೋಡಿ

ಮಳೆಗಾಲ ಮುಗಿಯುತ್ತಿದ್ದಂತೆ ಹೊರಗೋಡೆಯ ಬಣ್ಣದ ಬಗ್ಗೆ ಪತ್ರಗಳು ಶುರುವಾಗುತ್ತವೆ. ಪ್ರತಿ ವರ್ಷವೂ ಅದೇ ಪ್ರಶ್ನೆ, ಅದೇ ತಪ್ಪು, ಅದೇ ನಷ್ಟ. ಹಾಗಾಗಿ ಈ ಸಲ ಒಂದೇ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಹಾಸನದಲ್ಲಿ ನಮ್ಮದು ಹನ್ನೆರಡು ವರ್ಷದ ಹಳೆಯ ಮನೆ. ಹೊರಗೋಡೆ ಸುಮಾರು 2,000 ಚದರ ಅಡಿ. ಮೂರು ವರ್ಷದ ಹಿಂದೆ ಹೊಡೆಸಿದ ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿದೆ. ಸಾಮಾನು ಸೇರಿ ಚದರ ಅಡಿಗೆ ಒಬ್ಬರು ₹14, ಇನ್ನೊಬ್ಬರು ₹21, ಮತ್ತೊಬ್ಬರು ₹28 ಎನ್ನುತ್ತಾರೆ. ಯಾರಿಗೆ ಕೊಡಲಿ? ಯಾವ ಕಂಪನಿಯ ಬಣ್ಣ ಒಳ್ಳೆಯದು?

ಉತ್ತರ: ಕಂಪನಿಯ ಮಾತು ಬಿಡಿ. ಹೆಸರಿರುವ ಯಾವ ಕಂಪನಿಯ ಹೊರಗೋಡೆ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಬಣ್ಣ) ಆದರೂ ನಡೆಯುತ್ತದೆ. ನಿಮ್ಮ ಗೋಡೆಯಲ್ಲಿ ಬಣ್ಣ ಏಕೆ ಎದ್ದಿತು ಎಂದು ಆ ಮೂವರಲ್ಲಿ ಯಾರಾದರೂ ಹೇಳಿದರೇ? ಗೋಡೆಯನ್ನು ಮುಟ್ಟಿಯೂ ನೋಡದೆ ರೇಟ್ ಹೇಳಿದವರನ್ನು ಪಟ್ಟಿಯಿಂದ ತೆಗೆದುಹಾಕಿ, ಅವರ ರೇಟ್ ಎಷ್ಟೇ ಕಡಿಮೆಯಿರಲಿ.

ಬಣ್ಣ ಏಳಲು ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಗೋಡೆಯೊಳಗೆ ತೇವವಿದೆ, ಹಳೆಯ ಸಿಮೆಂಟ್ ಪೇಂಟಿನ ಪುಡಿಯ ಮೇಲೇ ಹೊಸದನ್ನು ಹೊಡೆದಿದ್ದಾರೆ, ಇಲ್ಲವೇ ಪಟ್ಟಿಯನ್ನು, ಅಂದರೆ ಗೋಡೆ ನುಣುಪಾಗಲು ಬಣ್ಣದ ಕೆಳಗೆ ಬಳಿಯುವ ಪುಟ್ಟಿಯನ್ನು, ದಪ್ಪವಾಗಿ ಬಳಿದಿದ್ದಾರೆ. ಮೂರನ್ನೂ ನೀವೇ ಪರೀಕ್ಷಿಸಬಹುದು. ಎದ್ದ ಜಾಗದ ಪಕ್ಕದಲ್ಲಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಒಂದು ಹಗಲು, ಒಂದು ರಾತ್ರಿ ಬಿಟ್ಟು ತೆಗೆಯಿರಿ. ಒಳಬದಿಯಲ್ಲಿ ನೀರಿನ ಹನಿ ಕಂಡರೆ ಗೋಡೆ ಒಳಗಿನಿಂದ ಒದ್ದೆ. ಆಗ ಕರೆಯಬೇಕಾದದ್ದು ಪೇಂಟರನ್ನಲ್ಲ, ಗಾರೆಯವರನ್ನು ಅಥವಾ ಪ್ಲಂಬರನ್ನು. ಪ್ಯಾರಾಪೆಟ್ಟಿನ ತಲೆ, ಸಜ್ಜೆ ಗೋಡೆಗೆ ಸೇರುವ ಮೂಲೆ, ಬಚ್ಚಲ ಪೈಪು, ತಾರಸಿಯ ನೀರು ಹೋಗುವ ಬಾಯಿ, ಇಷ್ಟನ್ನು ಮೊದಲು ನೋಡಿಸಿ.

ಎರಡನೆಯದಕ್ಕೆ ಅಂಗೈ ಸಾಕು. ಗೋಡೆಗೆ ಒರೆಸಿದಾಗ ಸುಣ್ಣದಂಥ ಪುಡಿ ಬಂದರೆ ಅದನ್ನು ಕೆರೆದು ತೊಳೆಯದೆ ಏನನ್ನು ಹೊಡೆದರೂ ನಿಲ್ಲುವುದಿಲ್ಲ. ಮೂರನೆಯದಕ್ಕೆ, ಗಟ್ಟಿಯಾಗಿ ಕಾಣುವ ಜಾಗದಲ್ಲಿ ಬ್ಲೇಡಿನಿಂದ ಗುಣಾಕಾರದ ಚಿಹ್ನೆಯ ಹಾಗೆ ಗೀರಿ, ಮೇಲೆ ಟೇಪ್ ಒತ್ತಿ, ಸರಕ್ಕನೆ ಎಳೆಯಿರಿ. ಟೇಪಿಗೆ ಅಂಟಿ ಬಂದ ಚೂರಿನ ಹಿಂಬದಿ ನೋಡಿ. ಬಿಳಿ ಪಟ್ಟಿ ದಪ್ಪಗೆ ಕಂಡರೆ ಸೋತಿರುವುದು ಬಣ್ಣವಲ್ಲ, ಪಟ್ಟಿ. ಹೊರಗೋಡೆಗೆ ಅಕ್ರಿಲಿಕ್ ಪಟ್ಟಿ ಬೇಡವೇ ಬೇಡ. ಬಿಳಿ ಸಿಮೆಂಟಿನ ಪಟ್ಟಿಯೂ ಎರಡು ಕೈ (ಕೋಟ್) ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಗೋಡೆ ನುಣುಪಾಗಿ ಹೊಳೆಯಲಿ ಎಂಬ ಆಸೆಗೆ ದಪ್ಪ ಪಟ್ಟಿ ಹಾಕಿಸುವವರೇ ಮುಂದೆ ಹಪ್ಪಳದ ಫೋಟೋ ಕಳಿಸುತ್ತಾರೆ.

ಇನ್ನು ರೇಟ್. ಮೂವರಿಗೂ ಒಂದೇ ಹಾಳೆ ಕೊಟ್ಟು ಬರೆಸಿಕೊಳ್ಳಿ: ಪ್ರೆಷರ್ ವಾಷ್ ಇದೆಯೋ ಇಲ್ಲವೋ, ಪಾಚಿಗೆ ಏನು ಹಾಕುತ್ತಾರೆ, ಬಿರುಕನ್ನು ಹೇಗೆ ತುಂಬುತ್ತಾರೆ, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಎಷ್ಟು ಕೈ, ಬಣ್ಣ ಎಷ್ಟು ಕೈ, ಡಬ್ಬದ ಮೇಲಿನ ಪೂರ್ತಿ ಹೆಸರು ಏನು, ಕಿಟಕಿ ಬಾಗಿಲ ಜಾಗ ಕಳೆಯುತ್ತಾರೋ, ಸಾರವೆ ಯಾರ ಖರ್ಚು. ‘ಒಳ್ಳೆ ಬಣ್ಣ, ಎರಡು ಕೈ’ ಎಂದಷ್ಟೇ ಬರೆದ ಚೀಟಿಗೆ ಬೆಲೆಯಿಲ್ಲ. ಹಾಳೆ ತುಂಬಿದ ಮೇಲೆ ₹14ರವರು ತೊಳೆಯುವುದನ್ನೂ ಪ್ರೈಮರನ್ನೂ ಬಿಟ್ಟಿರುವುದು ಬಹುಶಃ ಅಲ್ಲೇ ಕಾಣುತ್ತದೆ. ಟೇಪ್ ಹಿಡಿದು ಅಳೆಯುವಾಗ ನೀವೂ ಜೊತೆಗಿರಿ. ರೇಟ್ ಗೋಡೆಯ ಅಳತೆಗೋ ಮನೆಯ ನೆಲದ ಅಳತೆಗೋ ಎಂಬುದನ್ನೂ ಬರೆಸಿ. ಕೊನೆಯಲ್ಲಿ ಜಗಳ ಹುಟ್ಟುವುದು ಇಲ್ಲೇ.

ಸಾಧ್ಯವಾದರೆ ಕೂಲಿ ಮಾತ್ರ ಮಾತಾಡಿ, ಸಾಮಾನು ನೀವೇ ತನ್ನಿ. ಸಮತಟ್ಟಾದ ಗೋಡೆಗೆ ಎರಡು ಕೈಗೆ ಲೀಟರಿಗೆ 50ರಿಂದ 60 ಚದರ ಅಡಿ ಬರುತ್ತದೆ. ನಿಮ್ಮ ಗೋಡೆಗೆ 34ರಿಂದ 40 ಲೀಟರ್, ಅಂದರೆ 20 ಲೀಟರಿನ ಎರಡು ಬಕೆಟ್ ಬೇಕು. ಎರಡರ ಬ್ಯಾಚ್ ನಂಬರೂ ಒಂದೇ ಇರಲಿ. ಸೀಲ್ ನಿಮ್ಮೆದುರೇ ಒಡೆಯಲಿ, ಖಾಲಿ ಬಕೆಟ್ ಕೆಲಸ ಮುಗಿಯುವವರೆಗೆ ಮನೆಯಲ್ಲೇ ಇರಲಿ. ಒಂದೇ ಬಕೆಟ್ಟಿನಲ್ಲಿ ಇಡೀ ಮನೆ ಮುಗಿಯಿತು ಎಂದರೆ ನೀವು ಹೊಡೆಸಿದ್ದು ನೀರು. ಎಷ್ಟು ನೀರು ಬೆರೆಸಬೇಕೆಂದು ಡಬ್ಬದ ಮೇಲೇ ಇರುತ್ತದೆ. ಶೇ 40 ಎಂದಿದ್ದರೆ ಲೀಟರಿಗೆ 400 ಮಿಲಿ, ಹೆಚ್ಚಲ್ಲ. ಕಣ್ಣಂದಾಜಿಗೆ ಕೊಡದಿಂದ ಸುರಿಯಲು ಬಿಡಬೇಡಿ, ಒಂದು ಲೀಟರಿನ ಮಗ್ ಕೊಡಿ. ರೋಲರಿನಿಂದ ಬಣ್ಣ ಗೆರೆಗೆರೆಯಾಗಿ ಕೆಳಗಿಳಿಯುತ್ತಿದ್ದರೆ ಅಲ್ಲೇ ನಿಲ್ಲಿಸಿ.

ಕಂಪನಿಯವರು ಪೇಂಟರಿಗೆಂದು ಡಬ್ಬದೊಳಗೆ ಇಡುವ ಬಹುಮಾನದ ಟೋಕನ್ ಪೇಂಟರಿಗೇ ಹೋಗಲಿ, ಅದಕ್ಕೆ ಕಸಿವಿಸಿ ಬೇಡ. ಆದರೆ ಟೋಕನ್ ದೊಡ್ಡದು ಎಂಬ ಕಾರಣಕ್ಕೆ ಅವರು ಹೇಳಿದ ಬಣ್ಣವನ್ನೇ ತರುವುದೂ ಬೇಡ.

ಕೆಲಸ ಈ ಕ್ರಮದಲ್ಲಿ ನಡೆಯಲಿ. ಪಾಚಿಗೆ ಬ್ಲೀಚಿಂಗ್ ದ್ರಾವಣ ಹಚ್ಚಿ, ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಬೇಕು. ಬ್ಲೀಚಿಂಗ್ ಜೊತೆ ಆಸಿಡ್ ಯಾವತ್ತೂ ಸೇರಬಾರದು, ವಿಷಗಾಳಿ ಏಳುತ್ತದೆ. ಆಮೇಲೆ ಬಿಸಿಲಲ್ಲಿ ಎರಡು ಮೂರು ದಿನ ಒಣಗಲಿ. ಕೂದಲೆಳೆಗಿಂತ ದೊಡ್ಡ ಬಿರುಕನ್ನು ವಿ ಆಕಾರದಲ್ಲಿ ಬಿಡಿಸಿ, ಪುಡಿ ತೆಗೆದು, ಬಿರುಕಿನ ಪೇಸ್ಟ್ ತುಂಬಬೇಕು. ನಂತರ ಪ್ರೈಮರ್ ಒಂದು ಕೈ, ಬಣ್ಣ ಎರಡು ಕೈ, ನಡುವೆ ನಾಲ್ಕರಿಂದ ಆರು ಗಂಟೆ. ಪೂರ್ವದ ಗೋಡೆಗೆ ಮಧ್ಯಾಹ್ನದ ಮೇಲೆ, ಪಶ್ಚಿಮದ ಗೋಡೆಗೆ ಬೆಳಿಗ್ಗೆ ಹೊಡೆಸಿ. ಕಾದ ಗೋಡೆಯ ಮೇಲೆ ಬಣ್ಣ ಹಿಡಿಯುವ ಮೊದಲೇ ಒಣಗಿಬಿಡುತ್ತದೆ.

ಹಣವನ್ನೂ ಹೀಗೇ ಹಂತಹಂತವಾಗಿ ಕೊಡಿ. ಮುಂಗಡ ಶೇ 15ಕ್ಕಿಂತ ಹೆಚ್ಚು ಬೇಡ. ದೊಡ್ಡ ಕಂತು ತೊಳೆದು, ಕೆರೆದು, ಪ್ರೈಮರ್ ಆದದ್ದನ್ನು ಕಣ್ಣಾರೆ ಕಂಡ ಮೇಲೆ. ಕೊನೆಯ ಶೇ 10 ಮುಗಿದ ವಾರದ ನಂತರ, ಬೆಳಗಿನ ಓರೆ ಬಿಸಿಲಲ್ಲಿ ಗೋಡೆ ನೋಡಿ ಕೊಡಿ. ಎರಡನೇ ಕೈ ತಪ್ಪಿಸಿದ ಜಾಗ ಆ ಬೆಳಕಿನಲ್ಲಿ ಎದ್ದು ಕಾಣುತ್ತದೆ.

ಪ್ರಶ್ನೆ: ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸೋರುವುದು ನಿಲ್ಲುತ್ತದೆಯೇ? ಹತ್ತು ವರ್ಷ ಗ್ಯಾರಂಟಿ ಅನ್ನುತ್ತಾರೆ.

ಉತ್ತರ: ಇಲ್ಲ. ಹೊರಗಿನಿಂದ ಬಡಿಯುವ ಮಳೆಯನ್ನು ತಡೆಯುತ್ತದೆ, ಒಳಗಿನಿಂದ ಬರುವ ನೀರಿಗೆ ಅದೇ ಗುಳ್ಳೆಯಾಗಿ ಏಳುತ್ತದೆ. ಗ್ಯಾರಂಟಿ ಪತ್ರದ ಸಣ್ಣಕ್ಷರ ಓದಿ, ಕೂಲಿ ಅದರಲ್ಲಿ ಸೇರಿದೆಯೇ ನೋಡಿ.

ಪ್ರಶ್ನೆ: ಹೊಸ ಮನೆ, ಗೃಹಪ್ರವೇಶ ಹದಿನೈದು ದಿನದಲ್ಲಿದೆ. ಪ್ಲಾಸ್ಟರಿಂಗ್ ಮೊನ್ನೆ ಮುಗಿಯಿತು. ಈಗಲೇ ಬಣ್ಣ ಹೊಡೆಸಬಹುದೇ?

ಉತ್ತರ: ಕನಿಷ್ಠ 28 ದಿನ ಬಿಡಿ. ಗೃಹಪ್ರವೇಶ ಪ್ರೈಮರಿನ ಗೋಡೆಯಲ್ಲೂ ಆಗುತ್ತದೆ ಎನ್ನುವವರಿದ್ದಾರೆ. ಆ ಪ್ರೈಮರೂ ಈಗ ಬೇಡ.

ಪ್ರಶ್ನೆ: ಹಳೆಯ ಮನೆಯ ಬಾಗಿಲು ಕಿಟಕಿಯ ಆಯಿಲ್ ಪೇಂಟ್ ಉಜ್ಜಿಸಬೇಕು. ಮನೆಯಲ್ಲಿ ಮಗುವಿದೆ.

ಉತ್ತರ: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಬಣ್ಣದಲ್ಲಿ ಸೀಸವಿದೆ ಎಂದೇ ತಿಳಿಯಿರಿ. ಒಣಗಿದ್ದಂತೆಯೇ ಉಪ್ಪುಕಾಗದ ಹಾಕಲು ಬಿಡಬೇಡಿ, ನೀರು ಹಚ್ಚಿ ಉಜ್ಜಲಿ. ಕೆಲಸ ಮುಗಿದು ನೆಲ ಒರೆಸುವವರೆಗೆ ಮಗು ಬೇರೆ ಮನೆಯಲ್ಲಿರಲಿ.

ಪ್ರಶ್ನೆ: ಸಾಗುವಾನಿ ಮುಂಬಾಗಿಲಿಗೆ ಮೆಲಮೈನ್ ಪಾಲಿಶ್ ಮಾಡಿಸಿದೆವು, ವರ್ಷದಲ್ಲೇ ಬಿಳಚಿತು.

ಉತ್ತರ: ಮೆಲಮೈನ್ ಒಳಗಿನ ಮರಕ್ಕೆ. ಬಿಸಿಲು ಮಳೆ ಬೀಳುವ ಬಾಗಿಲಿಗೆ ಹೊರಬಳಕೆಯದೇ ಪಿಯು (ಪಾಲಿಯುರೆಥೇನ್) ಪಾಲಿಶ್ ಹಾಕಿಸಿ. ಅಗಸೆ ಎಣ್ಣೆ ಹಚ್ಚಿಸುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನಾಗಿ ಕಾವು ಏರಿ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ಬಯಲಿನಲ್ಲಿ ಹರವಿ ಒಣಗಿಸಿ.

ಪ್ರಶ್ನೆ: ಸಾರವೆ ಪಕ್ಕದಲ್ಲೇ ಕರೆಂಟ್ ತಂತಿ ಹೋಗಿದೆ. ಮೇಸ್ತ್ರಿ ‘ನಾವು ನೋಡ್ಕೋತೀವಿ’ ಎನ್ನುತ್ತಾರೆ.

ಉತ್ತರ: ಲೈನ್‌ಮನ್ ಬಂದು ಲೈನ್ ತೆಗೆಯುವವರೆಗೆ ಆ ಬದಿಯಲ್ಲಿ ಒಬ್ಬರನ್ನೂ ಹತ್ತಿಸಬೇಡಿ. ಕಬ್ಬಿಣದ ಪೈಪು, ಅಲ್ಯೂಮಿನಿಯಂ ಏಣಿ, ಉದ್ದ ಕೋಲಿನ ರೋಲರ್ ಯಾವುದೂ ಅತ್ತ ಹೋಗಬಾರದು. ಹತ್ತುವ ಪ್ರತಿಯೊಬ್ಬರಿಗೂ ಬೆಲ್ಟ್ ಇರಬೇಕು. ಇಲ್ಲದಿದ್ದರೆ ಆ ದಿನದ ಕೆಲಸ ನಿಲ್ಲಲಿ.